ರಸ್ತೆಗೆ ಹೋದ ಜಮೀನಿಗೆ 20 ವರ್ಷದ ಮೇಲೂ ಪರಿಹಾರ ಕೇಳಬಹುದಾ?

ಈ ಸಲ ಬಂದ ಪ್ರಶ್ನೆಗಳಲ್ಲಿ ಜಾಸ್ತಿ ಇರೋದು ಭೂಸ್ವಾಧೀನದವೇ. ಚಿತ್ರದುರ್ಗ, ದಾವಣಗೆರೆ ಕಡೆ ಕಾಲುವೆ, ಹೈವೇ, ರೈಲು ದಾರಿ ಅಂತ ಹೊಲ ಬಿಟ್ಟುಕೊಟ್ಟವರು ಊರಿಗೆ ಹತ್ತು ಮಂದಿ ಸಿಗುತ್ತಾರೆ. ಹಾಗಾಗಿ ಅಂಥ ಮೂರು ಪ್ರಶ್ನೆ ತೆಗೆದುಕೊಂಡಿದ್ದೇನೆ.

ಪ್ರಶ್ನೆ: ಮೇಡಂ, 2004ರಲ್ಲಿ ನಮ್ಮ ತೆಂಗಿನ ತೋಟದ ಅಂಚಲ್ಲಿ ರಸ್ತೆ ಆಯ್ತು. ಹನ್ನೆರಡು ಗುಂಟೆ ಹೋಗಿದೆ. ನೋಟಿಸ್ ಕೊಟ್ಟಿಲ್ಲ, ದುಡ್ಡೂ ಕೊಟ್ಟಿಲ್ಲ. ಈಗ ಕೇಳಿದರೆ ‘ನಿಮ್ಮಪ್ಪ ಬಾಯಿಮಾತಲ್ಲಿ ಒಪ್ಪಿದ್ದರು, ಇಷ್ಟು ವರ್ಷ ಏನು ಮಾಡ್ತಿದ್ರಿ’ ಅಂತಾರೆ. ಆಸ್ತಿ ಮೂಲಭೂತ ಹಕ್ಕೇ ಅಲ್ಲವಂತೆ, ನಿಜನಾ? (ಹೊಸದುರ್ಗ ತಾಲ್ಲೂಕಿನಿಂದ)

ಉತ್ತರ: ಮೂಲಭೂತ ಹಕ್ಕಲ್ಲ ಅನ್ನೋದು ನಿಜ. ಸಂವಿಧಾನದ 1978ರ 44ನೇ ತಿದ್ದುಪಡಿಯಲ್ಲಿ ಅದನ್ನು ಆ ಪಟ್ಟಿಯಿಂದ ತೆಗೆದರು. ಆದರೆ ಅದೇ ತಿದ್ದುಪಡಿಯಲ್ಲಿ 300ಎ ವಿಧಿ ಸೇರಿಸಿದರು. ಕಾನೂನಿನ ಆಧಾರ ಇಲ್ಲದೆ ಯಾರ ಆಸ್ತಿಯನ್ನೂ ತೆಗೆದುಕೊಳ್ಳುವಂತಿಲ್ಲ ಅನ್ನುತ್ತೆ ಅದು. ಈ ಹಕ್ಕಿಗಾಗಿ 32ನೇ ವಿಧಿ ಹಿಡಿದು ನೇರ ಸುಪ್ರೀಂ ಕೋರ್ಟಿಗೆ ಹೋಗಲು ಬರುವುದಿಲ್ಲ, 226ನೇ ವಿಧಿಯಡಿ ಹೈಕೋರ್ಟಿಗೆ ರಿಟ್ (ಸರ್ಕಾರದ ವಿರುದ್ಧ ಹಕ್ಕು ಕೇಳುವ ಅರ್ಜಿ) ಹಾಕಬೇಕು, ಅಷ್ಟೇ. ನಮ್ಮ ಎರಡೂ ಜಿಲ್ಲೆಯವರು ಹೋಗಬೇಕಾದ್ದು ಬೆಂಗಳೂರು ಪೀಠಕ್ಕೆ, ಧಾರವಾಡಕ್ಕಲ್ಲ.

‘ಬಾಯಿಮಾತಲ್ಲಿ ಒಪ್ಪಿದ್ದರು’ ಅನ್ನೋ ಮಾತಿಗೆ 2020ರ ಜನವರಿ 8ರಂದೇ ಸುಪ್ರೀಂ ಕೋರ್ಟ್ ಉತ್ತರ ಕೊಟ್ಟಿದೆ. ಹಿಮಾಚಲ ಪ್ರದೇಶದ ಹಮೀರ್‌ಪುರ ಜಿಲ್ಲೆ. ಓದು ಬರಹ ಬಾರದ ಒಬ್ಬ ವಿಧವೆಯ ಜಮೀನಿನಲ್ಲಿ 1967ರ ಹೊತ್ತಿಗೆ ಸರ್ಕಾರ ರಸ್ತೆ ಮಾಡಿತು. ಸ್ವಾಧೀನದ ಪ್ರಕ್ರಿಯೆ ನಡೆಸಲಿಲ್ಲ, ಪರಿಹಾರ ಕೊಡಲಿಲ್ಲ. ಆ ಅಜ್ಜಿ ಕೋರ್ಟ್ ಮೆಟ್ಟಿಲು ಹತ್ತಿದ್ದು 2010ರಲ್ಲಿ. ಸರ್ಕಾರದ ವಾದ ನಿಮಗೆ ಹೇಳಿದ್ದೇ: ಬಾಯಿಮಾತಿನ ಒಪ್ಪಿಗೆ ಇತ್ತು, ತುಂಬಾ ತಡವಾಗಿದೆ. ಅದರ ಮೇಲೆ, 42 ವರ್ಷ ನಮ್ಮ ಅನುಭವದಲ್ಲಿದೆ, ಆದ್ದರಿಂದ ಜಮೀನು ನಮ್ಮದೇ ಆಯ್ತು ಅಂತ ಬೇರೆ. ಕೋರ್ಟ್ ಈ ಮೂರನ್ನೂ ಒಪ್ಪಲಿಲ್ಲ. ತನ್ನ ಪ್ರಜೆಯ ಜಮೀನನ್ನೇ ಸರ್ಕಾರ ಹೀಗೆ ಒಳಗೆ ಹಾಕಿಕೊಳ್ಳುವಂತಿಲ್ಲ ಎಂದು ಹೇಳಿ ಪರಿಹಾರ ಕೊಡಿಸಿತು. ಈ ತೀರ್ಪು ಓದಿದಾಗಲೆಲ್ಲ ನನಗೆ ನಮ್ಮ ಕಡೆಯ ಎಷ್ಟೋ ಅಜ್ಜಿಯರ ಮುಖ ಕಣ್ಣ ಮುಂದೆ ಬರುತ್ತೆ.

ಹಾಗಂತ ತಡವಾದ ಎಲ್ಲ ಕೇಸೂ ಗೆಲ್ಲುತ್ತವೆ ಅಂತಲ್ಲ. ಆಗ ಅಧಿಸೂಚನೆ ಆಗಿ, ಐತೀರ್ಪು (ಪರಿಹಾರ ಎಷ್ಟು ಅಂತ ಅಧಿಕಾರಿ ಮಾಡುವ ಆದೇಶ) ಆಗಿ, ನಿಮ್ಮ ತಂದೆ ದುಡ್ಡು ಪಡೆದಿದ್ದರೆ ಕಥೆ ಬೇರೆ. ಅದಕ್ಕೇ ಮೊದಲು ಕಾಗದ ನೋಡಬೇಕು. ಹೋದ ವರ್ಷ ನನ್ನ ಆಫೀಸಿಗೆ ಒಬ್ಬ ರೈತರು ಗೊಬ್ಬರದ ಚೀಲದಲ್ಲಿ ಸುತ್ತಿಕೊಂಡು ಕಂದಾಯದ ರಸೀದಿಗಳನ್ನು ತಂದಿದ್ದರು, ಅಂಚೆಲ್ಲ ಗೆದ್ದಲು ತಿಂದಿತ್ತು. ರಸ್ತೆಯಾಗಿ ಹದಿನೈದು ವರ್ಷ ಆದರೂ ಪಹಣಿಯಲ್ಲಿ ವಿಸ್ತೀರ್ಣ ಒಂದು ಗುಂಟೆಯೂ ಕಡಿಮೆ ಆಗಿರಲಿಲ್ಲ, ರಸ್ತೆಯ ಜಾಗಕ್ಕೂ ಅವರೇ ಕಂದಾಯ ಕಟ್ಟಿಕೊಂಡು ಬಂದಿದ್ದರು! ಸ್ವಾಧೀನ ಆಗಿಲ್ಲ ಅನ್ನೋದಕ್ಕೆ ಇದು ಒಳ್ಳೆ ಸಾಕ್ಷಿ. ನೀವೂ 2004ಕ್ಕಿಂತ ಹಿಂದಿನ ಪಹಣಿ, ಈಗಿನ ಪಹಣಿ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ. ಹನ್ನೊಂದನೇ ಕಾಲಂನಲ್ಲಿ ಭೂಸ್ವಾಧೀನದ ನಮೂದು ಇದೆಯಾ ನೋಡಿ. ಹದ್ದುಬಸ್ತು ಸರ್ವೆ ಮಾಡಿಸಿ, ಎಷ್ಟು ಗುಂಟೆ ಹೋಗಿದೆ ಅಂತ ಗೊತ್ತಾಗಲಿ. ಸ್ವಾಧೀನದ ಕಡತದ ಪ್ರತಿ ಕೊಡಿ ಅಂತ ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿ. ‘ಅಂಥ ಕಡತ ಇಲ್ಲ’ ಅಂತ ಉತ್ತರ ಬಂದರೆ ಬೇಜಾರಾಗಬೇಡಿ, ಜೋಪಾನವಾಗಿಡಿ. ರಿಟ್‌ಗೆ ಅದೇ ಬಲ.

ವಕೀಲರ ಫೀಸಿನ ಚಿಂತೆ ಇದ್ದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ. ಪಹಣಿ ನಿಮ್ಮ ತಾಯಿಯ ಹೆಸರಲ್ಲಿದ್ದರೆ ಇನ್ನೂ ಸುಲಭ, ಹೆಂಗಸರಿಗೆ ಆದಾಯ ಎಷ್ಟೇ ಇದ್ದರೂ ಅಲ್ಲಿ ಉಚಿತ ನೆರವು ಇದೆ. ಸಹಾಯವಾಣಿ 15100.

ಪ್ರಶ್ನೆ: ಯಾರ ಆಸ್ತಿಯನ್ನೂ ಸರ್ಕಾರ ಇನ್ನು ಮುಟ್ಟುವಂತಿಲ್ಲ ಅಂತ ಸುಪ್ರೀಂ ಕೋರ್ಟ್ ಹೇಳಿದೆ ಅಂತ ವಾಟ್ಸಾಪ್‌ನಲ್ಲಿ ಬಂದಿದೆ. ಹೌದಾ? (ದಾವಣಗೆರೆಯಿಂದ)

ಉತ್ತರ: ಇಲ್ಲ. ಅದು 2024ರ ನವೆಂಬರ್ 5ರ ಒಂಬತ್ತು ನ್ಯಾಯಮೂರ್ತಿಗಳ ತೀರ್ಪು. ಖಾಸಗಿ ಆಸ್ತಿ ಎಲ್ಲವೂ, ಸಂಪನ್ಮೂಲಗಳನ್ನು ಎಲ್ಲರ ಒಳಿತಿಗೆ ಹಂಚಬೇಕು ಅನ್ನುವ 39(ಬಿ) ವಿಧಿಯಲ್ಲಿ ಹೇಳುವ ‘ಸಮುದಾಯದ ಸಂಪನ್ಮೂಲ’ ಅಲ್ಲ, ಕೆಲವು ಆಗಬಹುದು ಎಂದು ಬಹುಮತ ಹೇಳಿದೆ. ಖಾಸಗಿ ಬಸ್ಸುಗಳನ್ನು ಸರ್ಕಾರ ವಹಿಸಿಕೊಂಡ ನಮ್ಮದೇ ರಾಜ್ಯದ ಕೇಸಿನಲ್ಲಿ ಖಾಸಗಿ ಆಸ್ತಿಯೂ ಅದರಲ್ಲಿ ಸೇರುತ್ತೆ ಅಂತ 1977ರಲ್ಲಿ ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಬರೆದಿದ್ದ ಅಭಿಪ್ರಾಯವನ್ನು ಈ ಪೀಠ ಒಪ್ಪಲಿಲ್ಲ. ರಸ್ತೆಗೋ ಕಾಲುವೆಗೋ ಕಾನೂನು ಪ್ರಕಾರ ಜಮೀನು ತೆಗೆದುಕೊಳ್ಳುವ ಅಧಿಕಾರ ಹಾಗೇ ಇದೆ.

ಪ್ರಶ್ನೆ: ಕಾಲುವೆಗೆ ಹೋದ ಜಮೀನಿಗೆ ಪರಿಹಾರ ಕಡಿಮೆ ಆಯ್ತು. ಚೆಕ್ ತೆಗೆದುಕೊಂಡರೆ ಕೇಸ್ ಹಾಕೋಕೆ ಆಗಲ್ವಾ? (ಜಗಳೂರಿನಿಂದ)

ಉತ್ತರ: ಆಗುತ್ತೆ, ಆದರೆ ಸುಮ್ನೆ ಸಹಿ ಹಾಕಿ ತೆಗೆದುಕೊಳ್ಳಬೇಡಿ. ನಿಮ್ಮ ನೋಟಿಸಿನ ಮೇಲೆ 2013ರ ಭೂಸ್ವಾಧೀನ ಕಾಯ್ದೆ ಅಂತಿದ್ದರೆ, ಆಕ್ಷೇಪಣೆ ದಾಖಲಿಸದೆ ದುಡ್ಡು ಪಡೆದವರು ಆಮೇಲೆ 64ನೇ ಕಲಂ ಅಡಿ ಹೆಚ್ಚಿನ ಪರಿಹಾರ ಕೇಳಲು ಬರುವುದಿಲ್ಲ. ಐತೀರ್ಪು ಆಗುವಾಗ ನೀವೋ ನಿಮ್ಮ ಕಡೆಯವರೋ ಹಾಜರಿದ್ದರೆ ಅವತ್ತಿನಿಂದ ಆರು ವಾರದೊಳಗೆ ಅರ್ಜಿ ಕೊಡಬೇಕು. ರಾಷ್ಟ್ರೀಯ ಹೆದ್ದಾರಿಯಾದರೆ ದಾರಿ ಬೇರೆ, ಮಧ್ಯಸ್ಥಗಾರರ ಮುಂದೆ ಹೋಗಬೇಕು. ಚೆಕ್ ಪಡೆಯುವ ದಿನ ಸಹಿಯ ಪಕ್ಕದಲ್ಲೇ ‘ಆಕ್ಷೇಪಣೆ ಇಟ್ಟುಕೊಂಡು ಪಡೆದಿದ್ದೇನೆ’ ಅಂತ ನಿಮ್ಮ ಕೈಯಲ್ಲೇ ಬರೆಯಿರಿ, ಮೊಬೈಲಲ್ಲಿ ಆ ಪುಟದ ಫೋಟೋ ತೆಗೆದುಕೊಂಡೇ ಹೊರಗೆ ಬನ್ನಿ.