17 ಇದ್ದದ್ದು 8 ಆದ ವಾರ

"ಹುಷಾರಾದ್ಲಲ್ಲ ಮೇಡಂ, ಇನ್ನು ಬರೋದ್ಯಾಕೆ?" ಮನೆಯವರ ಈ ಪ್ರಶ್ನೆ ಮತ್ತೆ ಮತ್ತೆ ಬರುತ್ತದೆ, ಅದಕ್ಕೇ ಬರೆಯುತ್ತಿದ್ದೇನೆ. ಗುರುತು ಸಿಗದಂತೆ ವಿವರ ಬದಲಿಸಿದ್ದೇನೆ.

ಆಕೆಗೆ ಮೂವತ್ತರ ಆಚೀಚೆ, ಮನೆಯಲ್ಲೇ ಬಟ್ಟೆ ಹೊಲಿಯುತ್ತಾರೆ. ಡಾಕ್ಟರು ಖಿನ್ನತೆಗೆ ಮಾತ್ರೆ ಬರೆದು, ಮಾತಿನ ಚಿಕಿತ್ಸೆಗೆ ನನ್ನ ಬಳಿ ಕಳಿಸಿದ್ದರು. ಪ್ರತಿ ವಾರ ಖಿನ್ನತೆ ಅಳೆಯುವ ಪಿಎಚ್‌ಕ್ಯೂ-9 ಹಾಳೆ ತುಂಬಿಸುತ್ತೇನೆ: 9 ಪ್ರಶ್ನೆ, ಒಟ್ಟು 27 ಅಂಕ, ಅಂಕ ಹೆಚ್ಚಿದಷ್ಟೂ ಸಂಕಟ ಹೆಚ್ಚು. (ಹಾಳೆ ಕೇಳುವುದು ಎರಡು ವಾರದ ಲೆಕ್ಕ, ಜನ ಬರೆಯುವುದು ನಿನ್ನೆ ಮೊನ್ನೆಯದು.) ನಾಲ್ಕು ವಾರ 18, 17ರಲ್ಲೇ ಇದ್ದದ್ದು ಐದನೇ ವಾರ 8ಕ್ಕೆ ಇಳಿಯಿತು. ಸಾವಿನ ಯೋಚನೆ ಕೇಳುವ ಒಂಬತ್ತನೇ ಪ್ರಶ್ನೆಗೆ ಸೊನ್ನೆ.

ಆ ಸೊನ್ನೆಯೇ ನನ್ನನ್ನು ಕಾಡಿದ್ದು. ಸಾಯುವ ತೀರ್ಮಾನ ಮಾಡಿಕೊಂಡವರ ಮುಖದಲ್ಲೂ ಕೆಲವೊಮ್ಮೆ ಇಂಥದೇ ನಿರಾಳ ಕಾಣುತ್ತದೆ. ನೇರವಾಗಿ ಕೇಳಿದೆ: "ಸಾಯಬೇಕು ಅಂತ ಏನಾದ್ರೂ ತೀರ್ಮಾನ ಮಾಡಿದ್ದೀರಾ?" ಗಂಡ ಸಿಡುಕಿದರು, "ಇಲ್ಲದ್ದನ್ನ ತಲೆಗೆ ಯಾಕೆ ಹಾಕ್ತೀರಿ?" ಕೇಳಿದ್ದರಿಂದ ಆ ಯೋಚನೆ ಹುಟ್ಟುವುದಿಲ್ಲ, ಇದ್ದರೆ ಹೇಳಿಕೊಳ್ಳಲು ದಾರಿಯಾಗುತ್ತದೆ. ಇನ್ನೊಮ್ಮೆಯೂ ಕೇಳುತ್ತೇನೆ. ತಪ್ಪು ನನ್ನದು ಬೇರೆ: ಗಂಡನನ್ನು ಮೊದಲೇ ಹೊರಗೆ ಕೂರಿಸಬೇಕಿತ್ತು. ಆಮೇಲೆ ಕೂರಿಸಿದೆ.

ಒಬ್ಬರೇ ಆದಾಗ ಆಕೆ ನಕ್ಕರು. "ಅದಲ್ಲ ಮೇಡಂ. ಬುಧವಾರ ಹಾಲು ಉಕ್ಕಿ ಒಲೆಯೆಲ್ಲ ಆಯ್ತು. ಬೈಗುಳ ಕೇಳಿಸ್ತು, ತಿರುಗಿ ನೋಡಿದ್ರೆ ಮನೇಲಿ ಯಾರೂ ಇಲ್ಲ. ಇಷ್ಟು ವರ್ಷ ಬೈತಿದ್ದದ್ದು ನಾನೇ."

1999ರಲ್ಲಿ ಟ್ಯಾಂಗ್, ಡಿರುಬೀಸ್ ಎಂಬ ಅಮೆರಿಕದ ಸಂಶೋಧಕರು ಇಂಥ ದಿಢೀರ್ ಇಳಿತವನ್ನು ಗುರುತಿಸಿದರು. ಅದಕ್ಕೆ ಹಿಂದಿನ ಭೇಟಿಯಲ್ಲೇ ಯೋಚನೆಯ ಧಾಟಿ ಬದಲಾಗಿದ್ದು ಅವರಿಗೆ ಕಂಡಿತ್ತು. ನಾನು ಹಿಂದಿನ ವಾರದ ಟಿಪ್ಪಣಿ ತೆಗೆದು ನೋಡಿದೆ. "ಮಾತು ಕಡಿಮೆ. ಎರಡು ಸಲ ಆಕಳಿಕೆ." ಮುಂಚೆಯೇ ಊಹಿಸುವ ನನ್ನ ಶಕ್ತಿ ಇಷ್ಟು!

ಆಕೆಗೆ ಹೇಳಿದ್ದು ಇಷ್ಟೇ: ಹಾಲಿನ ಮಾತನ್ನು ನಿಮ್ಮದೇ ಭಾಷೆಯಲ್ಲಿ ಬರೆದಿಡಿ. ಡಾಕ್ಟರನ್ನು ಕೇಳದೆ ಮಾತ್ರೆ ಬಿಡಬೇಡಿ. ಹುಷಾರಾದ ಮೇಲೂ ಸಾಮಾನ್ಯವಾಗಿ 6 ತಿಂಗಳಾದರೂ ಮುಂದುವರಿಸುತ್ತಾರೆ. ವಾರದ ಭೇಟಿ ತಪ್ಪಿಸಬೇಡಿ. ರಾತ್ರಿ ಹೊತ್ತು ತಡೆಯಲಾಗದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ, ಕನ್ನಡದಲ್ಲೇ ಮಾತಾಡುತ್ತಾರೆ. ಗಂಡನಿಗೂ ಹೇಳಿದೆ: ಅಂಕ ಏರಿದರೆ "ಮತ್ತೆ ಶುರುವಾಯ್ತಾ" ಅನ್ನಬೇಡಿ.

ಅದಾಗಿ ಮೂರನೇ ವಾರಕ್ಕೆ ಅಂಕ 13ಕ್ಕೆ ಏರಿತು. ಆಕೆ ಬಂದರು. ಚೀಲದಿಂದ ಅಳತೆ ಪುಸ್ತಕ ತೆಗೆದು, ಯಾರದೋ ರವಿಕೆಯ ಅಳತೆಯ ಕೆಳಗೆ ಬರೆದಿದ್ದ ಸಾಲಿನ ಮೇಲೆ ಬೆರಳಿಟ್ಟು, "ಇದನ್ನ ಓದ್ಕೊಂಡೇ ಬಂದೆ" ಎಂದರು.