ಚೌಕವೂ ಆಯತವೇ? ಮಗಳು ಹೇಳಿದ್ದು ಸರಿ

ಪ್ರಶ್ನೆ: ಚೌಕವೂ ಒಂದು ಆಯತವೇ ಅಂತ ಎಂಟನೇ ತರಗತಿಯ ಮಗಳು ವಾದ ಮಾಡುತ್ತಾಳೆ. ಆಯತಕ್ಕೆ ಉದ್ದ ಬೇರೆ, ಅಗಲ ಬೇರೆ ಇರಬೇಕು ಅಂತಲೇ ನಾನು ತಿಳಿದುಕೊಂಡಿದ್ದೆ. ಯಾರು ಸರಿ? ವಜ್ರಾಕೃತಿ, ಗಾಳಿಪಟ, ತ್ರಾಪಿಜ್ಯ ಇವೆಲ್ಲ ಎಲ್ಲಿ ಬರುತ್ತವೆ?

ಉತ್ತರ: ಮಗಳೇ ಸರಿ. ಹಾಗಂತ ನೀವು ಬೇಜಾರು ಮಾಡ್ಕೋಬೇಡಿ, ಸುಮಾರು 2300 ವರ್ಷಗಳ ಹಿಂದೆ ಗ್ರೀಕ್ ಗಣಿತಜ್ಞ ಯೂಕ್ಲಿಡ್ ಕೂಡ ಚೌಕವನ್ನು ಬೇರೆ, ಉದ್ದನೆಯ ಆಯತವನ್ನು ಬೇರೆ ಅಂತಲೇ ಇಟ್ಟಿದ್ದ. ಈಗಿನ ಗಣಿತ ಆಯತಕ್ಕೆ ಕೇಳುವುದು ಒಂದೇ ಮಾತು: ನಾಲ್ಕೂ ಕೋನ 90 ಡಿಗ್ರಿ ಇದೆಯಾ? ಉದ್ದ ಅಗಲ ಬೇರೆ ಇರಬೇಕು ಅನ್ನುವ ಷರತ್ತೇ ಇಲ್ಲ. ಬೋರ್ಡಿನ ಮೇಲೆ ಯಾವಾಗಲೂ ಉದ್ದನೆಯದನ್ನೇ ಬರೆಯುತ್ತಾರಲ್ವಾ, ಅದನ್ನು ನೋಡಿ ನೋಡಿ ನಾವೇ ಸೇರಿಸಿಕೊಂಡಿದ್ದು.

ಮಗಳ ಜೊತೆ ಕೂತು ಇದನ್ನು ಮಾಡಿ. 10 ಸೆಂ.ಮೀ. ಮತ್ತು 6 ಸೆಂ.ಮೀ. ಉದ್ದದ ಎರಡು ರಟ್ಟಿನ ಪಟ್ಟಿ ಕತ್ತರಿಸಿ, ಎರಡರ ಸರಿ ನಡುವೆ ಒಂದೇ ಪಿನ್ನು ಚುಚ್ಚಿ, ನಾಲ್ಕು ತುದಿಗಳ ಸುತ್ತ ರಬ್ಬರ್ ಬ್ಯಾಂಡ್ ಹಾಕಿ. ಪಟ್ಟಿಗಳೇ ಕರ್ಣ (ಎದುರುಬದುರು ಮೂಲೆ ಸೇರಿಸುವ ಗೆರೆ), ರಬ್ಬರ್ ಬ್ಯಾಂಡೇ ಬಾಹು. ಕತ್ತರಿಯ ಹಾಗೆ ಎಷ್ಟು ಬೇಕಾದರೂ ತೆರೆಯಿರಿ, ಬರುವುದು ಸಮಾಂತರ ಚತುರ್ಭುಜವೇ, ಅಂದರೆ ಎದುರುಬದುರು ಬಾಹುಗಳು ಸಮಾಂತರ ಇರುವ ಆಕೃತಿ. ಪಟ್ಟಿಗಳು 90 ಡಿಗ್ರಿಗೆ ಬಂದ ಕ್ಷಣ ನಾಲ್ಕೂ ಬಾಹು ಸಮ ಆಗಿ ವಜ್ರಾಕೃತಿ ಆಗುತ್ತದೆ. ಈಗ ಎರಡನ್ನೂ 10 ಸೆಂ.ಮೀ. ಮಾಡಿ. ಹೇಗೆ ತಿರುಗಿಸಿದರೂ ಆಯತ! ತಿರುಗಿಸುತ್ತಾ 90 ಡಿಗ್ರಿಗೆ ತನ್ನಿ, ಚೌಕ ಬಂತು. ಆಗ ಅದು ಆಯತ ಆಗಿರುವುದನ್ನು ಬಿಡಲಿಲ್ಲ, ಜೊತೆಗೆ ವಜ್ರಾಕೃತಿಯೂ ಆಯಿತು, ಅಷ್ಟೇ.

90 ಡಿಗ್ರಿ ಹಾಗೇ ಇಟ್ಟು, ಒಂದು ಪಟ್ಟಿಯಲ್ಲಿ ಮಾತ್ರ ಪಿನ್ನನ್ನು ನಡುವಿನಿಂದ ಸ್ವಲ್ಪ ಆಚೆ ಚುಚ್ಚಿ. ಅಕ್ಕಪಕ್ಕದ ಎರಡೆರಡು ಬಾಹು ಸಮ ಇರುವ ಗಾಳಿಪಟ ಬರುತ್ತದೆ. ಅಂದರೆ ಪಿನ್ನು ವಾಪಸ್ ನಡುವಿಗೆ ಬಂದ ಗಾಳಿಪಟವೇ ವಜ್ರಾಕೃತಿ.

ಇಷ್ಟೆಲ್ಲ ಯಾಕೆ ಅಂದರೆ, ಕೆಲಸ ತುಂಬಾ ಉಳಿಯುತ್ತದೆ. ಗಾಳಿಪಟದ ವಿಸ್ತೀರ್ಣ ಕರ್ಣಗಳ ಗುಣಲಬ್ಧದ ಅರ್ಧ ಅಂತ ಒಮ್ಮೆ ತೋರಿಸಿದರೆ ವಜ್ರಾಕೃತಿಗೂ ಚೌಕಕ್ಕೂ ಮತ್ತೆ ತೋರಿಸಬೇಕಿಲ್ಲ. ನಿಮ್ಮ ಪಟ್ಟಿಯ ಚೌಕಕ್ಕೆ 10 ಗುಣಿಸು 10, ಅದರ ಅರ್ಧ, 50 ಚದರ ಸೆಂ.ಮೀ. ಬಾಹು ಅಳೆಯುವುದೇ ಬೇಡ. ಉಲ್ಟಾ ಮಾತ್ರ ಹೋಗಬೇಡಿ: ಚೌಕದ ಗುಣವೆಲ್ಲ ಆಯತಕ್ಕೆ ಇರುವುದಿಲ್ಲ.

ತ್ರಾಪಿಜ್ಯದ ವಿಷಯದಲ್ಲಿ ಪುಸ್ತಕಗಳಲ್ಲೇ ಒಮ್ಮತ ಇಲ್ಲ. ಕೆಲವು ‘ಕನಿಷ್ಠ ಒಂದು ಜೋಡಿ ಬಾಹು ಸಮಾಂತರ’ ಅನ್ನುತ್ತವೆ, ಆಗ ಸಮಾಂತರ ಚತುರ್ಭುಜವೂ ತ್ರಾಪಿಜ್ಯವೇ. ಇನ್ನು ಕೆಲವು ‘ಒಂದೇ ಒಂದು ಜೋಡಿ’ ಅಂದು ಅದನ್ನು ಹೊರಗಿಡುತ್ತವೆ. ನನಗೆ ಮೊದಲನೆಯದೇ ಇಷ್ಟ, ಯಾಕಂದರೆ ತ್ರಾಪಿಜ್ಯದ ವಿಸ್ತೀರ್ಣದ ಸೂತ್ರ ಸಮಾಂತರ ಚತುರ್ಭುಜಕ್ಕೂ ಹಾಗೇ ನಡೆಯುತ್ತದೆ. ಪರೀಕ್ಷೆಯಲ್ಲಿ ಮಾತ್ರ ಮಗಳು ತನ್ನ ಪುಸ್ತಕದಲ್ಲಿ ಇರುವ ವ್ಯಾಖ್ಯೆಯನ್ನೇ ಬರೆಯಲಿ.