ಡ್ರಮ್ಮಿನ ನೀರೂ ಖಾಲಿ, ಅಮ್ಮನ ತಾಳ್ಮೆಯೂ ಖಾಲಿ

ಪ್ರಶ್ನೆ: ನನಗೆ 34 ವರ್ಷ. ಬನಶಂಕರಿ ಮೂರನೇ ಹಂತದಲ್ಲಿ ಬಾಡಿಗೆ ಮನೆ, ಎರಡನೇ ಮಹಡಿ, ತಲೆ ಮೇಲೆ ನೇರ ಟೆರೇಸ್. ಮಗನಿಗೆ 7, ಮಗಳಿಗೆ 4. ನನ್ನದು ವಾರವಿಡೀ ಮನೆಯಿಂದಲೇ ಕೆಲಸ. ಗಂಡ ಬೆಳಿಗ್ಗೆ ಎಂಟಕ್ಕೆ ಹೊರಟರೆ ಬರೋದು ರಾತ್ರಿ ಎಂಟೂವರೆಗೆ. ಕಳೆದ ವಾರ ಟ್ಯಾಂಕರ್ ಬರೋದು ಎರಡು ದಿನ ತಡವಾಯಿತು. ನಾನು ಕಾಲ್‌ನಲ್ಲಿದ್ದಾಗ ಮಗ ಬಾಲ್ಕನಿಯಲ್ಲಿ ಹಿಡಿದಿಟ್ಟಿದ್ದ ಅರ್ಧ ಡ್ರಮ್ ನೀರನ್ನು ಚೊಂಬಿನಲ್ಲಿ ಮೊಗೆಮೊಗೆದು ಆಟದ ಕಾರುಗಳನ್ನು ತೊಳೆದು ಖಾಲಿ ಮಾಡಿದ್ದ. ಬೆನ್ನಿಗೆ ಎರಡು ಬಾರಿಸಿದೆ. ಜೋರಾಗಿಯೇ. ಅವತ್ತಿನಿಂದ ನಾನು ಹತ್ತಿರ ಹೋದರೆ ಸುಮ್ಮನಾಗಿಬಿಡುತ್ತಾನೆ. ಅತ್ತೆ ತಿಪಟೂರಿನಲ್ಲಿದ್ದಾರೆ. "ಇಬ್ಬರನ್ನೂ ರಜೆ ಮುಗಿಯೋವರೆಗೆ ಇಲ್ಲಿಗೆ ಕಳಿಸು, ನಾವು ನಾಲ್ಕು ಮಕ್ಕಳನ್ನ ಸಾಕಲಿಲ್ವಾ" ಅಂತಾರೆ. ಗಂಡನೂ ಕಳಿಸು ಅಂತಾರೆ. ಕಳಿಸಿದರೆ ನನ್ನ ಕೈಲಿ ಆಗಲ್ಲ ಅಂತ ಒಪ್ಪಿಕೊಂಡ ಹಾಗೆ. ಇಟ್ಟುಕೊಂಡರೆ ಮತ್ತೆ ಕೈ ಎತ್ತುತ್ತೇನೇನೋ ಅಂತ ಭಯ. ಏನು ಮಾಡಲಿ?

ಉತ್ತರ: ಮೊದಲು ಡ್ರಮ್ಮಿನ ವಿಷಯ. 2024ರ ಬೇಸಿಗೆ ನೆನಪಿದೆಯಾ? ಕುಡಿಯೋ ನೀರಿನಲ್ಲಿ ಕಾರು ತೊಳೆದರೆ 5,000 ರೂಪಾಯಿ ದಂಡ ಅಂತ ಜಲಮಂಡಳಿ ಹೇಳಿತ್ತು. ಅಂದರೆ ಬುದ್ಧಿ ಬೆಳೆದ ದೊಡ್ಡವರಿಗೇ ದಂಡದ ಹೆದರಿಕೆ ಹಾಕಬೇಕಾಗಿ ಬಂದ ಊರು ನಮ್ಮದು. ಏಳು ವರ್ಷದವನ ಕಣ್ಣಿಗೆ ಕಂಡಿದ್ದು ಇಷ್ಟೇ: ಸುಡುವ ಮಧ್ಯಾಹ್ನ, ತಣ್ಣನೆ ನೀರು, ಸಾಲಾಗಿ ನಿಂತ ಧೂಳು ಹಿಡಿದ ಕಾರುಗಳು, ಬೇಡ ಅನ್ನೋಕೆ ಬಿಡುವಿಲ್ಲದ ಅಮ್ಮ. ಟ್ಯಾಂಕರ್‌ನವರಿಗೆ ನೀವು ಆರು ಸಲ ಫೋನ್ ಮಾಡಿದ್ದು ಅವನಿಗೆ ಗೊತ್ತಿಲ್ಲ.

ನಿಮಗೆ ಸಿಟ್ಟು ಬಂದಿದ್ದು ತಪ್ಪೇನಲ್ಲ. ಅವತ್ತು ಪಾತ್ರೆ ತೊಳೆಯೋಕೆ ನೀರಿಲ್ಲ ಅಂದ ಮೇಲೆ ಯಾರಿಗಾದರೂ ಬರುತ್ತದೆ. ಹೊಡೆದಿದ್ದು ಮಾತ್ರ ತಪ್ಪು. ಅದು ನಿಮಗೂ ಗೊತ್ತು, ಇಲ್ಲದಿದ್ದರೆ ಈ ಪತ್ರ ಬರೆಯುತ್ತಿರಲಿಲ್ಲ. ಅವನ ಹತ್ತಿರ ಹೋಗಿ ಹೇಳಿಬಿಡಿ. ಭಾಷಣ ಬೇಡ. ಅವನು ಏನೋ ಆಡುತ್ತಾ ಕೂತಿರುವಾಗ ಪಕ್ಕದಲ್ಲಿ ಕೂತು, "ಅವತ್ತು ನಾನು ಹೊಡೆದಿದ್ದು ತಪ್ಪಾಯ್ತು ಪುಟ್ಟ, ಇನ್ಮೇಲೆ ಹೊಡೆಯಲ್ಲ" ಅನ್ನಿ, ಅಷ್ಟೇ. "ಆದರೆ ನೀನೂ ನೀರು ಚೆಲ್ಲಬಾರದಿತ್ತು" ಅಂತ ಬಾಲ ಸೇರಿಸಬೇಡಿ. ಸೇರಿಸಿದರೆ ಅವನಿಗೆ ಕೇಳಿಸೋದು ಬಾಲ ಮಾತ್ರ. ಅವನು ಏನೂ ಹೇಳದೆ ಎದ್ದು ಹೋಗಬಹುದು, "ಸರಿ, ಐಸ್‌ಕ್ರೀಮ್ ಕೊಡಿಸು" ಅನ್ನಬಹುದು. ಎರಡೂ ಒಳ್ಳೆಯ ಲಕ್ಷಣವೇ.

ನೀರಿನ ಪಾಠ ಇನ್ನೊಂದು ದಿನಕ್ಕೆ ಇರಲಿ. ನಲ್ಲಿಯಲ್ಲಿ ಬರೋ ಕಾವೇರಿ ನೀರು ಸುಮಾರು 100 ಕಿಲೋಮೀಟರ್ ದೂರದಿಂದ, ಮಂಡ್ಯ ಜಿಲ್ಲೆಯ ತೊರೆಕಾಡನಹಳ್ಳಿಯಿಂದ, ಪಂಪ್ ಮಾಡಿಸಿಕೊಂಡು ಗುಡ್ಡ ಹತ್ತಿ ಬೆಂಗಳೂರಿಗೆ ಬರುತ್ತದೆ ಅಂತ ಹೇಳಿ ನೋಡಿ. ಕಾರು, ಪೈಪು, ಪಂಪು ಅಂದರೆ ಕಣ್ಣರಳಿಸುವ ವಯಸ್ಸು. ಒಂದು ಸ್ಕೇಲು, ಒಂದು ಮಾರ್ಕರ್ ಕೊಟ್ಟು ದಿನಾ ಬೆಳಿಗ್ಗೆ ಡ್ರಮ್ಮಿನಲ್ಲಿ ನೀರು ಎಷ್ಟಿದೆ ಅಂತ ಗುರುತು ಹಾಕೋ ಕೆಲಸ ಅವನಿಗೇ ವಹಿಸಿ. ಒಂದು ವಾರದಲ್ಲಿ ನೀವು ಒಂದು ಚೊಂಬು ಜಾಸ್ತಿ ತೆಗೆದರೂ ಲೆಕ್ಕ ಕೇಳುತ್ತಾನೆ, ಆಗ ನನ್ನನ್ನು ಬೈಯಬೇಡಿ.

ಈಗ ಮುಖ್ಯ ವಿಷಯಕ್ಕೆ ಬರೋಣ. ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಅದರಲ್ಲಿ ಮಕ್ಕಳ ತಪ್ಪಿದೆ, ನಿಮ್ಮ ತಪ್ಪಿದೆ, ಅತ್ತೆಯ ಮಾತಿದೆ. ಗಂಡನದು ಮಾತ್ರ ಒಂದೇ ಪದ: "ಕಳಿಸು". ನೀವು ಮನೆಯಲ್ಲಿದ್ದೀರಿ ಅನ್ನೋದನ್ನು ಎಲ್ಲರೂ ನೀವು ಖಾಲಿ ಇದ್ದೀರಿ ಅಂತ ಓದಿಕೊಂಡಿದ್ದಾರೆ. ನೀವೂ ಹಾಗೇ ಅಂದುಕೊಂಡಿದ್ದೀರೇನೋ ಅಂತ ನನ್ನ ಅನುಮಾನ. ಒಂಬತ್ತು ಗಂಟೆ ಆಫೀಸ್ ಕೆಲಸ ಮಾಡುತ್ತಾ, ಅದೇ ಒಂಬತ್ತು ಗಂಟೆ ಇಬ್ಬರು ಮಕ್ಕಳನ್ನೂ ನೋಡಿಕೊಳ್ಳೋದು ಯಾರ ಕೈಲೂ ಆಗಲ್ಲ. ಆಗುತ್ತೆ ಅನ್ನುವವರ ಮನೆಯಲ್ಲಿ ಅಜ್ಜಿಯೋ, ಕೆಲಸದವರೋ, ಟಿವಿಯೋ ಇರುತ್ತದೆ.

"ನಾವು ಸಾಕಲಿಲ್ವಾ" ಅನ್ನೋ ಮಾತು ನಮ್ಮಮ್ಮನ ಬಾಯಲ್ಲೂ ಕೇಳಿದ್ದೇನೆ. ನಾನು ಬೆಳೆದದ್ದು ಚಾಮರಾಜಪೇಟೆಯ ಒಂದು ವಠಾರದಲ್ಲಿ. ಆರು ಮನೆ, ಒಂದು ನಲ್ಲಿ, ಹದಿನಾಲ್ಕು ಮಕ್ಕಳು. ಮಧ್ಯಾಹ್ನ ಊಟವಾದ ಮೇಲೆ ಅಮ್ಮ ಸೆರಗು ಹಾಸಿಕೊಂಡು ನೆಲದ ಮೇಲೆ ಮಲಗಿಬಿಡೋರು, ಮೂರೂವರೆಗೆ ಮೊದಲು ಎಬ್ಬಿಸೋ ಧೈರ್ಯ ಯಾರಿಗೂ ಇರಲಿಲ್ಲ. ನಾವು ಮೆಟ್ಟಿಲ ಕೆಳಗಿನ ನೆರಳಲ್ಲಿ ಸೀಮೆಸುಣ್ಣದಲ್ಲಿ ಚೌಕಾಬಾರದ ಮನೆ ಬರೆದು ಹುಣಸೆಬೀಜ ಎಸೆಯುತ್ತಾ, ಜಗಳವಾಡುತ್ತಾ, ಮಧ್ಯೆ ಮಹಡಿಗೆ ಓಡಿ ಸಂಡಿಗೆಗೆ ಬಂದ ಕಾಗೆ ಓಡಿಸಿ ಅರ್ಧ ಒಣಗಿದ್ದನ್ನು ಬಾಯಿಗೆ ಹಾಕಿಕೊಂಡು ಬರುತ್ತಿದ್ದೆವು. ಅಮ್ಮ ನಮ್ಮನ್ನು ನೋಡಿಕೊಳ್ಳುತ್ತಲೇ ಇರಲಿಲ್ಲ. ವಠಾರ ನೋಡಿಕೊಳ್ಳುತ್ತಿತ್ತು. ನಿಮಗೆ ಬಾಗಿಲು ಹಾಕಿದ ಎರಡು ಬೆಡ್‌ರೂಮು ಮನೆ ಬಿಟ್ಟರೆ ಇನ್ನೇನಿದೆ? ಅತ್ತೆಗೆ ಇದನ್ನು ಹೇಳಬೇಕಾಗಿಲ್ಲ. ನಿಮಗೆ ಗೊತ್ತಿದ್ದರೆ ಸಾಕು.

ಹಾಗಾಗಿ ಗಂಡನ ಹತ್ತಿರ "ಸ್ವಲ್ಪ ಹೆಲ್ಪ್ ಮಾಡಿ" ಅಂತ ಕೇಳಬೇಡಿ, ಅದಕ್ಕೆ "ಏನು ಮಾಡಲಿ ಹೇಳು" ಅನ್ನೋ ಉತ್ತರ ಬರುತ್ತದೆ, ಆಮೇಲೆ ಹೇಳೋದೂ ನಿಮ್ಮದೇ ಕೆಲಸ. ಹೀಗೆ ಹೇಳಿ: "ರಜೆ ಮೇ ಕೊನೆವರೆಗೆ ಇದೆ. ವಾರದಲ್ಲಿ ಒಂದು ದಿನ ನೀವು ಮನೆಯಲ್ಲಿರಬೇಕು, ರಜೆ ಹಾಕ್ತೀರೋ ಮನೆಯಿಂದ ಕೆಲಸ ಮಾಡ್ತೀರೋ ನಿಮ್ಮಿಷ್ಟ. ಭಾನುವಾರ ಬೆಳಿಗ್ಗೆ ಮಕ್ಕಳು ನಿಮ್ಮವು." ಬನಶಂಕರಿಯಲ್ಲಿ ಮೆಟ್ರೋ ಹತ್ತಿ ಮೆಜೆಸ್ಟಿಕ್‌ನಲ್ಲಿ ಬದಲಾಯಿಸಿದರೆ ಕಬ್ಬನ್ ಪಾರ್ಕ್. ಅಲ್ಲಿ ಬಾಲಭವನ ಇದೆ, ಕಸ್ತೂರಬಾ ರಸ್ತೆಯಲ್ಲಿ ವಿಶ್ವೇಶ್ವರಯ್ಯ ಮ್ಯೂಸಿಯಂ ಇದೆ. ಕಾರಿನ ಹುಚ್ಚಿನವನಿಗೆ ಎಂಜಿನ್ ನೋಡೋದು ಹಬ್ಬ. ನೀವು ಜೊತೆಗೆ ಹೋಗಬೇಡಿ. ಟಿಫಿನ್ ಡಬ್ಬಿಯನ್ನೂ ಕಟ್ಟಿಕೊಡಬೇಡಿ.

ಬೇಸಿಗೆ ಶಿಬಿರದ ಬಗ್ಗೆ ನೀವು ಬರೆದಿಲ್ಲ, ಬಹುಶಃ ಫೀಸ್ ಕೇಳಿ ಸುಮ್ಮನಾಗಿರಬೇಕು. ಚಿಂತೆ ಇಲ್ಲ. ನಿಮ್ಮ ಬಿಲ್ಡಿಂಗ್‌ನಲ್ಲಿ ಅಥವಾ ಎದುರುಮನೆಯಲ್ಲಿ ನಿಮ್ಮ ಹಾಗೇ ಒದ್ದಾಡುತ್ತಿರುವ ಇನ್ನೊಬ್ಬ ಅಮ್ಮ ಖಂಡಿತ ಇದ್ದಾರೆ. ಅವರ ಜೊತೆ ಮಧ್ಯಾಹ್ನ ಹಂಚಿಕೊಳ್ಳಿ. ಮಂಗಳವಾರ ನಾಲ್ಕೂ ಮಕ್ಕಳು ನಿಮ್ಮ ಮನೆ, ಗುರುವಾರ ಅವರ ಮನೆ. ನಿಮ್ಮ ಸರದಿಯ ದಿನ ಮೀಟಿಂಗ್ ಇಟ್ಟುಕೊಳ್ಳಬೇಡಿ, ಅವರ ಸರದಿಗೆ ಎಲ್ಲವನ್ನೂ ತಳ್ಳಿ. ಗಲಾಟೆ ಆಗುತ್ತೆ, ಆಗಲಿ. ನಾಲ್ಕು ಜನ ಇದ್ದರೆ "ಅಮ್ಮಾ ಬೋರು" ಅನ್ನೋದಾದರೂ ತಪ್ಪುತ್ತದೆ.

ಮನೆ ಕಾದು ಕಾವಲಿಯಾಗೋದೂ ಸಿಡುಕಿಗೆ ಒಂದು ಕಾರಣ, ಅದನ್ನು ಕಡೆಗಣಿಸಬೇಡಿ. ಟೆರೇಸ್ ಕೆಳಗಿನ ಮನೆಯಲ್ಲಿ ಹಗಲೆಲ್ಲ ಕಾದ ಮೋಲ್ಡು ಸಂಜೆ ಮೇಲೆ ಒಳಗೆ ಶಾಖ ಬಿಡುತ್ತದೆ. ಏಳು ಗಂಟೆಗೆ ಹೊರಗೆ ತಂಪು, ಒಳಗೆ ಧಗೆ. 2016ರ ಏಪ್ರಿಲ್ 24ರಂದು ನಮ್ಮೂರು 39.2 ಡಿಗ್ರಿ ಕಂಡಿತ್ತು, ಬೆಂಗಳೂರಿಗೆ ಫ್ಯಾನ್ ಬೇಡ ಅನ್ನುತ್ತಿದ್ದ ಕಾಲ ಮುಗಿದು ಎಷ್ಟೋ ವರ್ಷವಾಯಿತು. ಪಶ್ಚಿಮದ ಕಿಟಕಿಗೆ ಹನ್ನೆರಡಕ್ಕೇ ಪರದೆ ಎಳೆಯಿರಿ, ಬಿಸಿಲು ಇಳಿದ ಮೇಲೆ ಎಲ್ಲ ತೆರೆಯಿರಿ. ಐದೂವರೆಯಿಂದ ಏಳೂವರೆವರೆಗೆ ಮಕ್ಕಳು ಹೊರಗೇ ಇರಲಿ. ಮಧ್ಯಾಹ್ನ ಮೂರಕ್ಕೆ, ಎಲ್ಲರ ತಲೆ ಕೆಡುವ ಹೊತ್ತಿಗೆ ಸರಿಯಾಗಿ, ಮಜ್ಜಿಗೆಯೋ ಕರಬೂಜದ ಪಾನಕವೋ ಕೊಡಿ. ನೀವೂ ಕುಡಿಯಿರಿ. ಮಧ್ಯಾಹ್ನದ ಊಟವನ್ನು ಲ್ಯಾಪ್‌ಟಾಪ್ ಮುಂದೆ ನಾಲ್ಕು ಗಂಟೆಗೆ ಮಾಡೋ ಅಭ್ಯಾಸ ನಿಮಗೂ ಇದ್ದರೆ, ಸಿಟ್ಟಿನಲ್ಲಿ ಅರ್ಧ ಪಾಲು ಆ ಹಸಿವಿನದೇ ಇರುತ್ತದೆ.

ಟಿವಿ, ಮೊಬೈಲು? ಎರಡರಿಂದ ಐದು ವರ್ಷದವರಿಗೆ ದಿನಕ್ಕೆ ಒಂದು ಗಂಟೆ ಮೀರಬಾರದು, ಐದರಿಂದ ಹತ್ತು ವರ್ಷದವರಿಗೆ ಎರಡು ಗಂಟೆಯೊಳಗೆ ಇರಲಿ ಅಂತ ಮಕ್ಕಳ ಡಾಕ್ಟರುಗಳ ಸಂಘ ಹೇಳುತ್ತದೆ. ಆ ಗಂಟೆಯನ್ನು ನಿಮ್ಮ ಮುಖ್ಯ ಕಾಲ್‌ಗೇ ಮೀಸಲಿಡಿ, ಬೆಳಿಗ್ಗೆಯೇ ಖರ್ಚು ಮಾಡಿಬಿಡಬೇಡಿ.

ಇನ್ನು ತಿಪಟೂರು. ಕಳಿಸಿ, ಆದರೆ ಪೂರ್ತಿ ರಜೆಗೆ ಬೇಡ. ಏಟು ಬಿದ್ದ ವಾರದಲ್ಲೇ ಬ್ಯಾಗ್ ಕಟ್ಟಿದರೆ ತನ್ನನ್ನು ಓಡಿಸಿದರು ಅಂತಲೇ ಅವನು ಅಂದುಕೊಳ್ಳುತ್ತಾನೆ. ಮೊದಲು ಅವನ ಜೊತೆ ಸರಿಹೋಗಲಿ, ಮತ್ತೆ ನಿಮ್ಮ ಮೈಮೇಲೆ ಬಿದ್ದು ಆಡುವಷ್ಟು ಆಗಲಿ. ಆಮೇಲೆ "ಅಜ್ಜಿ ಮನೆಗೆ ಹೋಗ್ತೀಯಾ?" ಅಂತ ಕೇಳಿ. ಹತ್ತು ದಿನ ಸಾಕು, ಇಷ್ಟವಾದರೆ ಇನ್ನೊಂದು ವಾರ. ಚಿಕ್ಕವಳನ್ನು ಅಷ್ಟು ದಿನ ಒಬ್ಬಳೇ ಬಿಡಬೇಡಿ, ನಿಮ್ಮವರು ಮಗನನ್ನು ಬಿಟ್ಟು ಬರೋಕೆ ಹೋದಾಗ ಅವಳೂ ಶನಿವಾರ ಭಾನುವಾರ ಇದ್ದು ಅಪ್ಪನ ಜೊತೆ ವಾಪಸ್ ಬರಲಿ. ಅಜ್ಜಿ ಮನೆಗೆ ಹೋಗೋದನ್ನು ನಿಮ್ಮ ಸೋಲು ಅಂತ ಯಾಕೆ ಲೆಕ್ಕ ಹಾಕುತ್ತೀರಿ? ನಾವೆಲ್ಲ ರಜೆ ಬಂದರೆ ಹೋಗುತ್ತಿದ್ದದ್ದು ಅಲ್ಲಿಗೇ ಅಲ್ವಾ? ಒಂದು ಮಾತ್ರ ಅತ್ತೆಗೆ ಫೋನ್ ಮಾಡಿ ನೇರವಾಗಿ ಕೇಳಿ: ತೋಟದಲ್ಲಿ, ಅಕ್ಕಪಕ್ಕದ ಹೊಲದಲ್ಲಿ ಕೃಷಿ ಹೊಂಡ ಇದೆಯಾ, ಸುತ್ತ ಬೇಲಿ ಇದೆಯಾ, ಬಾವಿಗೆ ಕಟ್ಟೆ ಇದೆಯಾ ಅಂತ. ಹೊಂಡದ ಪ್ಲಾಸ್ಟಿಕ್ ಹಾಳೆ ಮೇಲೆ ಕಾಲು ಜಾರಿದರೆ ಈಜು ಬಲ್ಲ ದೊಡ್ಡವರಿಗೇ ಹತ್ತೋದು ಕಷ್ಟ. ಅತ್ತೆಗೆ ಸ್ವಲ್ಪ ಬೇಜಾರಾಗಬಹುದು. ಆದರೂ ಕೇಳಿ.

ಇನ್ನೊಂದು, ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಆ ಡ್ರಮ್ಮಿಗೆ ಇವತ್ತೇ ಗಟ್ಟಿಯಾಗಿ ಕೂರುವ ಮುಚ್ಚಳ ತನ್ನಿ. ತೆರೆದಿಟ್ಟ ನೀರಿಗೆ ಡೆಂಗ್ಯೂ ಸೊಳ್ಳೆ ಬರುತ್ತದೆ, ಮತ್ತೆ ಮನೆಯಲ್ಲಿ ನಾಲ್ಕು ವರ್ಷದವಳಿದ್ದಾಳೆ. ಅಣ್ಣ ಕಾರು ತೊಳೆದಿದ್ದನ್ನು ಅವಳು ಪಕ್ಕದಲ್ಲೇ ನಿಂತು ನೋಡಿರುತ್ತಾಳೆ. ಅವಳೂ ಒಂದು ದಿನ ಸ್ಟೂಲ್ ಎಳೆದುಕೊಂಡು ಹೋಗುತ್ತಾಳೆ.